ರಾಶಿ ಮುಗಿಯುವವರೆಗೆ

"ಮೂರು ತಿಂಗಳು. ಮೂರೇ ತಿಂಗಳಲ್ಲಿ ನಾನು ಪ್ರೋಗ್ರಾಮರ್ ಆಗಿ ತೋರಿಸದಿದ್ದರೆ, ಆಮೇಲೆ ನೀವು ಹೇಳಿದ ಹಾಗೆ ಕೇಳ್ಕೊಂಡು ಮನೇಲಿರ್ತೀನಿ."

ಟೋಕನಕ್ಕ ಹೀಗೆ ಘೋಷಣೆ ಮಾಡಿದಾಗ ಅವಳ ಗಂಡ ಹೊಸ್ತಿಲ ಬಳಿ ಕುಳಿತು ಶೂ ಲೇಸು ಕಟ್ಟಿಕೊಳ್ಳುತ್ತಿದ್ದ. ಒಂದು ಕಾಲಿನದು ಮುಗಿಸಿ ಇನ್ನೊಂದಕ್ಕೆ ಕೈ ಹಾಕುತ್ತ, "ಹದಿನೆಂಟು ವರ್ಷದಲ್ಲಿ ನಾನು ಹೇಳಿದ ಹಾಗೆ ಕೇಳ್ತೀನಿ ಅಂದಿದ್ದು ಇವತ್ತೇ ಮೊದಲು. ಸೋತರೂ ಪರವಾಗಿಲ್ಲ, ಕಲಿ" ಎಂದ.

"ಅಂದ್ರೆ ನಿಮಗೆ ನಂಬಿಕೆ ಇಲ್ಲ."

"ಇದೆ ಕಣೇ. ಮೇಲೆ ಹೋಗುತ್ತೆ ಅನ್ನೋ ನಂಬಿಕೆ ಇಟ್ಟೇ ಜನ ಲಿಫ್ಟ್ ಹತ್ತೋದು. ಮಧ್ಯೆ ನಿಂತ ಮೇಲೆ ನನಗೆ ಫೋನ್ ಮಾಡ್ತಾರೆ."

ಅವನು ಲಿಫ್ಟ್ ರಿಪೇರಿಯವನು. ಲೋಕದಲ್ಲಿ ಏನೇ ನಡೆದರೂ ಅವನಿಗೆ ಅದೊಂದು ಲಿಫ್ಟಿನ ಹಾಗೆಯೇ ಕಾಣುತ್ತಿತ್ತು. ಶೂ ಕಟ್ಟಿ ಮುಗಿಸಿ ಚೀಲ ಹೆಗಲಿಗೇರಿಸಿ ಹೊರಟುಹೋದ.

ಟೋಕನಕ್ಕ ಎಂಬುದು ಕಣ್ಣಿನ ಆಸ್ಪತ್ರೆಯ ರೋಗಿಗಳು ಅವಳಿಗೆ ಇಟ್ಟ ಹೆಸರು. ಹನ್ನೊಂದು ವರ್ಷ ಅವಳು ಆ ಆಸ್ಪತ್ರೆಯ ಮುಂದಿನ ಮೇಜಿನಲ್ಲಿ ಕುಳಿತು "ಇಪ್ಪತ್ತೆರಡು ಬನ್ನಿ, ಇಪ್ಪತ್ಮೂರು ರೆಡಿಯಾಗಿ" ಎಂದು ಕರೆಯುತ್ತಿದ್ದಳು. ಎದುರಿಗೆ, ಕಣ್ಣಿಗೆ ಔಷಧಿ ಬಿಡಿಸಿಕೊಂಡವರು ಸಾಲಾಗಿ ರೆಪ್ಪೆ ಮುಚ್ಚಿ ಕುಳಿತಿರುತ್ತಿದ್ದರು. ಐವತ್ತು ಜನ ಕಣ್ಣು ಮುಚ್ಚಿಕೊಂಡು ಕುಳಿತ ಕೋಣೆಯಲ್ಲಿ ದಿನಕ್ಕೆ ಎಂಟು ಗಂಟೆ ಇದ್ದವರಿಗೆ ಹಗಲುಗನಸಿನ ಚಟ ಅಂಟದೆ ಇರುತ್ತದೆಯೇ? ಇಪ್ಪತ್ತೆರಡಕ್ಕೂ ಇಪ್ಪತ್ಮೂರಕ್ಕೂ ನಡುವೆ ಅವಳು ಹಡಗು ಹತ್ತಿ ಸಮುದ್ರ ದಾಟಿ ವಾಪಸು ಬಂದುಬಿಡುತ್ತಿದ್ದಳು. ಯಾರೂ ನೋಡುವವರಿರಲಿಲ್ಲ.

ಆಮೇಲೆ ಒಂದು ದಿನ ಮೇಜಿನ ಮೇಲೆ ಒಂದು ಯಂತ್ರ ಬಂದು ಕುಳಿತಿತು. ಅದಕ್ಕೂ ಒಂದು ಹೆಣ್ಣು ದನಿ. ನೆಗಡಿಯಿಲ್ಲ, ಊಟದ ಹೊತ್ತಿಲ್ಲ, ಸಮುದ್ರಯಾನವಂತೂ ಮೊದಲೇ ಇಲ್ಲ. ಟೋಕನಕ್ಕನಿಗೆ ಒಂದು ಹೂಗುಚ್ಛ ಕೊಟ್ಟು ಕಳಿಸಿದರು. ಮನೆಗೆ ಬಂದು ಅವಳು ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಮೂರನೆಯ ದಿನ ಎದ್ದು, ಇಂಥ ಯಂತ್ರಗಳಿಗೆ ಮಾತು ಕಲಿಸುವವರು ಯಾರೋ ಇದ್ದಾರಲ್ಲ, ಅವರ ಪೈಕಿ ತಾನೂ ಒಬ್ಬಳಾಗುವುದೇ ಸೈ ಎಂದುಕೊಂಡಳು. ಮೇಲಿನ ಘೋಷಣೆ ಹೊರಟದ್ದು ಆಗ.

ಸಂಜೆಯ ಕೋಡಿಂಗ್ ತರಗತಿಗೆ ಸೇರಿದಳು. ಅಲ್ಲಿದ್ದವರೆಲ್ಲ ಅವಳ ಅರ್ಧ ವಯಸ್ಸಿನವರು. ಪಾಠ ಹೇಳುವವರನ್ನು ಎಲ್ಲರೂ ಸೆಮಿಕೋಲನ್ ಮೇಷ್ಟ್ರು ಎನ್ನುತ್ತಿದ್ದರು. ಯಾರ ಪ್ರೋಗ್ರಾಂ ಕೆಟ್ಟರೂ ಅವರು ಕನ್ನಡಕ ಮೇಲೇರಿಸಿ ಮೊದಲು ಹುಡುಕುತ್ತಿದ್ದದ್ದು ಸಾಲಿನ ಕೊನೆಯಲ್ಲಿ ಬಿಟ್ಟುಹೋದ ಆ ಅರ್ಧವಿರಾಮ ಚಿಹ್ನೆಯನ್ನೇ. ಮೂರು ತಿಂಗಳು ಮುಗಿಯುವ ಹೊತ್ತಿಗೆ ಟೋಕನಕ್ಕನಿಗೆ ಮೂರು ವಿದ್ಯೆ ಕೈವಶವಾಗಿದ್ದವು. ಪರದೆಯ ಮೇಲೆ ಅಕ್ಷರ ಮೂಡಿಸುವುದು, ಹೀಗಿದ್ದರೆ ಹೀಗೆ ಮಾಡು, ಇಲ್ಲದಿದ್ದರೆ ಹಾಗೆ ಮಾಡು ಎನ್ನುವುದು, ಮತ್ತು ಲೂಪ್. ಲೂಪ್ ಎಂದರೆ, ಇಂಥದ್ದು ಮುಗಿಯುವವರೆಗೆ ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತಿರು ಎಂದು ಕಂಪ್ಯೂಟರಿಗೆ ಅಪ್ಪಣೆ ಕೊಡುವುದು. ಮನೆ ನಡೆಸಿದ ಹೆಂಗಸಿಗೆ ಲೂಪ್ ಹೇಳಿಕೊಡಬೇಕೇ? ತರಗತಿಯಲ್ಲಿ ಮೊದಲು ಅರ್ಥವಾದದ್ದು ಅವಳಿಗೇ.

ಈ ಮೂರು ವಿದ್ಯೆಗಳನ್ನು ಹಿಗ್ಗಿಸಿ ಅವಳು ಎರಡು ಪುಟದ ಬಯೋಡೇಟಾ ಮಾಡಿದಳು. ಗಂಡ ಅದನ್ನು ಊಟದ ತಟ್ಟೆಯ ಪಕ್ಕದಲ್ಲಿಟ್ಟುಕೊಂಡು ಓದಿದ.

"ಸ್ವತಂತ್ರವಾಗಿ ಯೋಜನೆಗಳನ್ನು ನಿಭಾಯಿಸಿದ ಅನುಭವ, ಅಂತ ಇದೆಯಲ್ಲ. ಯಾವ ಯೋಜನೆ?"

"ಟೋಕನ್ ಕರೆಯೋ ಪ್ರೋಗ್ರಾಂ. ಒಂದರಿಂದ ಹತ್ತರವರೆಗೆ ಕರೆಯುತ್ತೆ."

"ಹತ್ತಾದ ಮೇಲೆ?"

"ಸುಮ್ಮನಾಗುತ್ತೆ."

"ಹನ್ನೊಂದನೇ ರೋಗಿ ಏನು ಮಾಡಬೇಕು?"

"ನಾಳೆ ಬರಲಿ" ಎಂದು ಟೋಕನಕ್ಕ ಆ ಕಾಗದವನ್ನು ಕಿತ್ತುಕೊಂಡಳು.

ಹದಿನಾಲ್ಕು ಕಡೆ ಅರ್ಜಿ ಹಾಕಿದ ಮೇಲೆ ಒಂದು ಕಡೆಯಿಂದ ಉತ್ತರ ಬಂತು. ಹೊಸಬರನ್ನು ತೆಗೆದುಕೊಳ್ಳುವ ಹುದ್ದೆ, ಗುರುವಾರ ಹನ್ನೊಂದೂವರೆಗೆ ಇಂಟರ್‌ವ್ಯೂ. ಆ ಕ್ಷಣದಿಂದ ಟೋಕನಕ್ಕ ನೆಲದ ಮೇಲೆ ಇರಲಿಲ್ಲ. ಸೊಪ್ಪು ಬಿಡಿಸುವಾಗ ಗಾಜಿನ ಗೋಡೆಯ ಆಫೀಸು ಎದುರಿಗೆ ಬಂದು ನಿಲ್ಲುತ್ತಿತ್ತು. ಅಲ್ಲೊಂದು ಗಿರಿಗಿರಿ ತಿರುಗುವ ಕುರ್ಚಿ, ಕುತ್ತಿಗೆಗೆ ಫೋಟೋ ಇರುವ ಕಾರ್ಡು, ಮೇಜಿನ ಮೇಲೆ ಒಂದು ಪುಟ್ಟ ಕುಂಡ. ಅವಳು ಒಂದು ಗುಂಡಿ ಒತ್ತಿದರೆ ಎಲ್ಲೋ ದೂರದ ಊರಲ್ಲಿ ದೀಪ ಹತ್ತುತ್ತಿತ್ತು. ಸೊಪ್ಪಿನ ದಂಟು ಪಾತ್ರೆಗೂ ಎಲೆ ಕಸಕ್ಕೂ ಹೋಗುತ್ತಿದ್ದವು.

ಸಂಬಳ ಬೇಡವೆಂದಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ ಅವಳಿಗೆ ಬೇಕಾಗಿದ್ದದ್ದು ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗ, ತನ್ನ ಮಾತಿಗೆ ಯಾರಾದರೂ ಎದ್ದು ಬರುವಂಥ ಜಾಗ. ಆ ಯಂತ್ರ ಬಂದಾಗಿನಿಂದ ಅವಳ ಮಾತಿಗೆ ಯಾರೂ ಎದ್ದಿರಲಿಲ್ಲ. ಅದು ಅವಳಿಗೆ ಒಳಗೊಳಗೇ ನೋಯುತ್ತಿತ್ತು.

ಸೆಮಿಕೋಲನ್ ಮೇಷ್ಟ್ರು ಒಂದು ಉಪಾಯ ಹೇಳಿಕೊಟ್ಟರು. "ಇಂಟರ್‌ವ್ಯೂನಲ್ಲಿ ಯಾವುದಾದರೂ ಕೆಲಸವನ್ನ ಹಂತಹಂತವಾಗಿ ಬರೆಯೋಕೆ ಹೇಳ್ತಾರೆ. ಮನೇಲಿ ಅಭ್ಯಾಸ ಮಾಡಿಕೊಳ್ಳಿ. ಬರೆದದ್ದನ್ನ ಒಬ್ಬರ ಕೈಗೆ ಕೊಡಿ. ಅವರು ಸ್ವಂತ ಬುದ್ಧಿ ಉಪಯೋಗಿಸಬಾರದು, ಬರೆದದ್ದನ್ನಷ್ಟೇ ಮಾಡಬೇಕು. ನಿಮ್ಮ ತಪ್ಪು ತಾನಾಗಿ ಎದ್ದು ಕಾಣುತ್ತೆ."

ಸ್ವಂತ ಬುದ್ಧಿ ಉಪಯೋಗಿಸದವರು ಮನೆಯಲ್ಲಿ ಯಾರಿದ್ದಾರೆ? ಗಂಡನಿಗೆ ಅದು ಬೇಕಾದ್ದಕ್ಕಿಂತ ಹೆಚ್ಚಿತ್ತು. ಅತ್ತೆ ಇದ್ದಿದ್ದರೆ ಟೋಕನಕ್ಕನಿಗೇ ತಿರುಗಿ ಅಪ್ಪಣೆ ಬರೆದುಕೊಡುತ್ತಿದ್ದರು. ಅವರು ಮಗಳ ಬಾಣಂತನಕ್ಕೆಂದು ಹೋಗಿ ಮೂರು ವಾರವಾಗಿತ್ತು. ಉಳಿದವರು ಮಾವ. ಅವರು ಮೂವತ್ತನಾಲ್ಕು ವರ್ಷ ರೈಲ್ವೆಯ ಸಿಗ್ನಲ್ ಕ್ಯಾಬಿನ್ನಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಬುದ್ಧಿಗೇನೂ ಕೊರತೆಯಿರಲಿಲ್ಲ. ಆದರೆ ಬರೆದ ಆದೇಶ ಕೈಗೆ ಬಂತೆಂದರೆ ಆ ಬುದ್ಧಿಯನ್ನು ಟೋಪಿಯ ಜೊತೆ ಗೂಟಕ್ಕೆ ನೇತುಹಾಕಿ ಕೂರುವುದೇ ಅವರ ವೃತ್ತಿಧರ್ಮವಾಗಿತ್ತು. ಆ ಮೂವತ್ತನಾಲ್ಕು ವರ್ಷಗಳಲ್ಲಿ ಅವರ ಕೈಕೆಳಗೆ ಒಂದೇ ಒಂದು ಗಾಡಿಯೂ ದಾರಿ ತಪ್ಪಿರಲಿಲ್ಲ.

"ಮಾವ, ಒಂದು ವಾರ ನೀವು ಕಂಪ್ಯೂಟರ್ ಆಗ್ತೀರಾ?"

"ಡ್ಯೂಟಿ ಎಷ್ಟು ಹೊತ್ತಿಂದ?" ಎಂದು ಮಾತ್ರ ಕೇಳಿದರು.

ಮೊದಲ ದಿನ ಚಹಾ. "ಬಿಸಿ ನೀರಿಗೆ ಸಕ್ಕರೆ ಹಾಕಿ" ಎಂದು ಬರೆದಿದ್ದಳು. ಎಷ್ಟು ಎಂದು ಬರೆದಿರಲಿಲ್ಲ. ಮಾವ ಡಬ್ಬಿಯನ್ನು ಬೋರಲು ಹಾಕಿದರು. ಎರಡನೆಯ ದಿನ ಶೂ ಪಾಲಿಶ್. "ಶೂಗೆ ಪಾಲಿಶ್ ಹಚ್ಚಿ, ಚೆನ್ನಾಗಿ ಉಜ್ಜಿ" ಎಂದಿತ್ತು. ಯಾವ ಭಾಗಕ್ಕೆ ಎಂದಿರಲಿಲ್ಲ. ಸಂಜೆ ಗಂಡ ಶೂ ಬಿಚ್ಚಿದಾಗ ಕಾಲ್ಚೀಲ ಮಾತ್ರವಲ್ಲ, ಪಾದವೂ ಮಿರಮಿರ ಹೊಳೆಯುತ್ತಿತ್ತು.

"ನಿಮ್ಮಪ್ಪ ಬೇಕಂತ ಮಾಡ್ತಿದ್ದಾರೆ ಅನ್ಸುತ್ತೆ" ಎಂದಳು ಟೋಕನಕ್ಕ, ಗಂಡನ ಕಾಲಿಗೆ ಸೀಮೆಎಣ್ಣೆ ಸವರುತ್ತ.

"ಅವರು ಬೇಕಂತ ಏನೂ ಮಾಡೋರಲ್ಲ. ಅದೇ ಅವರ ತೊಂದರೆ" ಎಂದ ಗಂಡ.

ಬುಧವಾರದ ಹೊತ್ತಿಗೆ ಟೋಕನಕ್ಕ ಪಳಗಿಬಿಟ್ಟಿದ್ದಳು. ಅಳತೆ ಬರೆದಳು, ಒಳಗೋ ಹೊರಗೋ ಬರೆದಳು. ಮಾವ ಮಾಡಿದ ಚಹಾವನ್ನು ಮೂವರೂ ಕುಡಿದರು. ಇನ್ನು ಉಳಿದದ್ದು ಲೂಪ್ ಒಂದೇ.

ಗುರುವಾರ ಬಂತು. ಗಂಡ ಬೆಳಿಗ್ಗೆಯೇ ಯಾವುದೋ ಲಿಫ್ಟು ನಿಂತಿದೆ ಎಂದು ಓಡಿದ್ದ. ಅತ್ತೆಯಿಲ್ಲದ ಮೂರು ವಾರದ ಬಟ್ಟೆಯೆಲ್ಲ ಒಗೆದು ಒಣಗಿ, ಇಸ್ತ್ರಿ ಕಾಣದೆ ಹಾಲಿನ ಮೂಲೆಯ ಕುರ್ಚಿಯ ಮೇಲೆ ಸೊಂಟದೆತ್ತರ ರಾಶಿಯಾಗಿತ್ತು. ಆ ರಾಶಿಯ ತುದಿಯಲ್ಲಿ ಅವಳ ತಿಳಿನೀಲಿ ಕಾಲರ್ ಅಂಗಿ. ಇಂಟರ್‌ವ್ಯೂಗೆಂದೇ ಹೊಲಿಸಿದ್ದು. ಅದನ್ನು ನೋಡಿದ ಕೂಡಲೇ ಟೋಕನಕ್ಕನಿಗೆ ಮಿಂಚು ಹೊಳೆಯಿತು. ಒಂದೇ ಏಟಿಗೆ ಬಟ್ಟೆಗೆ ಇಸ್ತ್ರಿಯೂ ಆಗಬೇಕು, ಲೂಪಿನ ಪರೀಕ್ಷೆಯೂ ಆಗಬೇಕು! ಕಾಗದ ತೆಗೆದು ದುಂಡಗೆ ಬರೆದಳು.

ಒಂದು: ರಾಶಿಯ ಮೇಲಿರುವ ಬಟ್ಟೆಯನ್ನು ತೆಗೆದುಕೊಳ್ಳಿ.
ಎರಡು: ನೀರು ಚಿಮುಕಿಸಿ ಇಸ್ತ್ರಿ ಮಾಡಿ.
ಮೂರು: ಅಚ್ಚುಕಟ್ಟಾಗಿ ಮಡಿಸಿ.
ನಾಲ್ಕು: ರಾಶಿಯ ಮೇಲೆ ಇಡಿ.
ಐದು: ರಾಶಿ ಮುಗಿಯುವವರೆಗೆ ಒಂದರಿಂದ ಮತ್ತೆ ಮಾಡಿ.

ಬರೆದದ್ದನ್ನು ತೋಳುದ್ದ ದೂರ ಹಿಡಿದು ನೋಡಿದಳು. ಎಷ್ಟು ಚೆಂದ ಕಂಡಿತೆಂದರೆ, ಎರಡನೇ ಸಲ ಓದಬೇಕೆನ್ನಿಸಲಿಲ್ಲ.

ಮಾವ ಆದೇಶವನ್ನು ಕ್ಯಾಬಿನ್ನಿನ ಪದ್ಧತಿಯಂತೆ ಎರಡು ಸಲ ಗಟ್ಟಿಯಾಗಿ ಓದಿ ಹೇಳಿದರು. ಗಡಿಯಾರ ನೋಡಿ ತಮ್ಮ ಹಳೆಯ ರಿಜಿಸ್ಟರಿನಲ್ಲಿ "ಎಂಟು ಗಂಟೆ ಹತ್ತು ನಿಮಿಷಕ್ಕೆ ಸ್ವೀಕರಿಸಿದೆ" ಎಂದು ಬರೆದುಕೊಂಡರು. "ಇದರಲ್ಲಿ ಬದಲಾವಣೆ ಏನೂ ಇಲ್ಲ ತಾನೆ?"

"ಒಂದಕ್ಷರವೂ ಇಲ್ಲ ಮಾವ."

ಇಸ್ತ್ರಿ ಪೆಟ್ಟಿಗೆ ಕಾಯಿತು. ಟೋಕನಕ್ಕ ರೂಮಿಗೆ ಹೋಗಿ ಕಿಟಕಿಯ ಬಳಿ ನೋಟ್ಸು ಹಿಡಿದು ಕುಳಿತಳು.

ಒಳ್ಳೆಯ ಬೆಳಗು ಅದು. ಬಿಸಿಲು ಪರದೆಯನ್ನು ಹಾದು ಬಂದು ಮಂಚದ ಮೇಲೆ ಬೆಳ್ಳಗೆ ಹರಡಿತ್ತು. ಹಾಲಿನಿಂದ, ಒದ್ದೆ ಬಟ್ಟೆಯ ಮೇಲೆ ಇಸ್ತ್ರಿ ಓಡುವ ಸದ್ದು ಕೇಳಿಬರುತ್ತಿತ್ತು. ಸ್ಸ್ ಎಂದು ಬರುವುದು, ನಿಲ್ಲುವುದು, ಮತ್ತೆ ಸ್ಸ್. ಟೋಕನಕ್ಕನಿಗೆ ಅದು ಅಲೆಗಳ ಸದ್ದಾಯಿತು. ಎರಡು ಪುಟ ಓದುವಷ್ಟರಲ್ಲಿ ಹಡಗು ದಡ ಬಿಟ್ಟಿತ್ತು. ಗಾಜಿನ ಆಫೀಸು ಸಮುದ್ರದ ಮೇಲೇ ತೇಲುತ್ತಿತ್ತು. ಇಂಟರ್‌ವ್ಯೂ ಮಾಡುವವರು ಎದ್ದು ನಿಂತು, "ನೀವು ಇಷ್ಟು ದಿನ ಎಲ್ಲಿದ್ದಿರಿ?" ಎಂದು ಕೇಳುತ್ತಿದ್ದರು. "ಕಣ್ಣಿನ ಆಸ್ಪತ್ರೆಯಲ್ಲಿದ್ದೆ, ಯಾರಿಗೂ ಕಾಣಿಸಲಿಲ್ಲ" ಎಂದು ಅವಳು ಗಂಭೀರವಾಗಿ ಹೇಳುತ್ತಿದ್ದಳು. ಕುಂಡದ ಗಿಡ ಹೂ ಬಿಟ್ಟಿತು. ಬಾಗಿಲ ಸಂದಿಯಿಂದ ಬೆಚ್ಚನೆಯ ಹಬೆ ರೂಮಿನೊಳಕ್ಕೂ ತೇಲಿ ಬಂತು. ಅವಳು ಅದನ್ನು ಕಡಲ ಮಂಜು ಎಂದುಕೊಂಡಳು.

ಆ ಮಂಜಿನಲ್ಲಿ ಮಾವ ಕಾಣಿಸಿಕೊಂಡರು. ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡು, "ಮಗಳೇ, ಒಂದು ವಿಷಯ" ಎಂದರು.

ಟೋಕನಕ್ಕ ಕಣ್ಣು ಪೂರ್ತಿ ತೆರೆಯದೆಯೇ ಬೆರಳೆತ್ತಿದಳು. "ಮಾವ, ಕಂಪ್ಯೂಟರ್ ಮಧ್ಯೆ ಪ್ರಶ್ನೆ ಕೇಳಲ್ಲ."

"ಸರಿ" ಎಂದು ಮಾವ ತಿರುಗಿ ಹೋದರು. ಅಲೆ ಮತ್ತೆ ಶುರುವಾಯಿತು.

ಒಂಬತ್ತೂ ಐವತ್ತೈದಕ್ಕೆ ಟೋಕನಕ್ಕ ಹಡಗಿನಿಂದ ಇಳಿದು ಅಂಗಿ ತೆಗೆದುಕೊಳ್ಳಲು ಹಾಲಿಗೆ ಬಂದಳು. ಇಡೀ ಹಾಲ್ ಮೋಡದೊಳಗಿತ್ತು. ಆ ಮೋಡದ ನಡುವೆ ಬನಿಯನ್ನು ತೊಟ್ಟು, ಬೆವರು ಸುರಿಸುತ್ತ, ಬೆನ್ನು ನೆಟ್ಟಗೆ ಮಾಡಿಕೊಂಡು ಮಾವ ಇಸ್ತ್ರಿ ಓಡಿಸುತ್ತಿದ್ದರು. ಕುರ್ಚಿಯ ಮೇಲಿನ ರಾಶಿ ಸೊಂಟದೆತ್ತರ ಇದ್ದದ್ದು ಸೊಂಟದೆತ್ತರವೇ ಇತ್ತು. ಮೇಜಿನ ಮೇಲೆ ಅವಳ ತಿಳಿನೀಲಿ ಅಂಗಿ.

ಅವಳು ನೋಡುತ್ತಿದ್ದಂತೆಯೇ ಮಾವ ಅಂಗಿಯನ್ನು ಮಡಿಸಿದರು. ರಾಶಿಯ ಮೇಲೆ ಇಟ್ಟರು. ರಿಜಿಸ್ಟರಿನಲ್ಲಿ ಒಂದು ಗೀಟು ಎಳೆದರು. ಆಮೇಲೆ ರಾಶಿಯ ಮೇಲಿದ್ದ ಬಟ್ಟೆಯನ್ನು, ಎಂದರೆ ಅದೇ ಅಂಗಿಯನ್ನು, ಎತ್ತಿಕೊಂಡು ಬಿಡಿಸಿ, ನೀರು ಚಿಮುಕಿಸಿ, ಮತ್ತೆ ಇಸ್ತ್ರಿ ಇಟ್ಟರು.

"ಮಾವ, ನಿಲ್ಲಿಸಿ!"

ಮಾವ ನಿಲ್ಲಿಸಿದರು. ಕೆಂಪು ಸಿಗ್ನಲ್ ಕಂಡ ಕೂಡಲೇ ನಿಲ್ಲಿಸಬೇಕು, ಅಂಗುಲ ಮುಂದೆ ಹೋಗಬಾರದು. ಇಸ್ತ್ರಿ ಪೆಟ್ಟಿಗೆ ಎಲ್ಲಿತ್ತೋ ಅಲ್ಲೇ, ಅಂಗಿಯ ಬೆನ್ನಿನ ನಟ್ಟನಡುವೆ ಕುಳಿತಿತು. ಅವರು ಕೈ ತೆಗೆದು ನೆಟ್ಟಗೆ ನಿಂತರು.

"ಏನು ಮಾವ ಇದು? ಎಷ್ಟು ಹೊತ್ತಿಂದ ಇದೊಂದೇ ಅಂಗಿ ಉಜ್ಜುತ್ತಿದ್ದೀರಿ? ಬೇರೆ ಬಟ್ಟೆ ಕಾಣಲಿಲ್ವಾ ನಿಮಗೆ? ನಾನು ಹನ್ನೊಂದೂವರೆಗೆ ಅಲ್ಲಿರಬೇಕು ಗೊತ್ತು ತಾನೆ?" ಎಂದು ಅವಳು ಒಂದೇ ಉಸಿರಿಗೆ ಕೇಳುತ್ತಿರುವಾಗಲೇ ಸುಟ್ಟ ಕಮರು ವಾಸನೆ ಮೂಗಿಗೆ ಬಡಿಯಿತು. ಹಾರಿ ಹೋಗಿ ಪೆಟ್ಟಿಗೆಯನ್ನು ಎತ್ತಿ ಮೇಜಿನ ತುದಿಯಲ್ಲಿ ನಿಲ್ಲಿಸಿದಳು.

ಅಂಗಿಯ ಎದೆ ತಗಡಿನಂತೆ ಹೊಳೆಯುತ್ತಿತ್ತು. ಕಾಲರು ಮುಟ್ಟಿದರೆ ಕೈ ಕೊಯ್ಯುವಂತಿತ್ತು. ಬೆನ್ನಿನ ಮೇಲೆ, ಕಾಫಿ ಬಣ್ಣದ, ಮೂತಿ ಮೇಲೆ ಮಾಡಿದ ಒಂದು ಇಸ್ತ್ರಿ ಪೆಟ್ಟಿಗೆ ಮೂಡಿತ್ತು.

"ಅರವತ್ತೊಂದು ಸುತ್ತು ಪೂರ್ತಿ" ಎಂದರು ಮಾವ ರಿಜಿಸ್ಟರ್ ನೋಡಿ. "ಅರವತ್ತೆರಡು ಅರ್ಧಕ್ಕೆ ನಿಂತಿದೆ."

ಟೋಕನಕ್ಕ ಕಾಗದವನ್ನು ಕಿತ್ತುಕೊಂಡು ಓದಿದಳು. ನಾಲ್ಕನೇ ಸಾಲಿಗೆ ಬಂದಾಗ ಅಲ್ಲೇ ಕುಳಿತುಬಿಟ್ಟಳು.

ಬೇರೆ ಅಂಗಿ ಹುಡುಕಿ ಇಸ್ತ್ರಿ ಮಾಡುವಷ್ಟು ಹೊತ್ತಿರಲಿಲ್ಲ, ಬಸ್ಸಿಗೆ ಹೊರಡಲು ಐದೇ ನಿಮಿಷ. ರಾಶಿಯಿಂದ ಎಳೆದು ನೋಡಿದ ಒಂದೊಂದೂ ಹಿಂಡಿ ಬಿಸಾಡಿದಂತಿತ್ತು. ಕೊನೆಗೆ ತಿಳಿನೀಲಿಯನ್ನೇ ತೊಟ್ಟಳು. ಇಂಟರ್‌ವ್ಯೂ ಎಂದರೆ ಎದುರುಬದುರು ಕುಳಿತು ಮಾತಾಡುವುದು ತಾನೆ? ಬೆನ್ನು ತೋರಿಸುವ ಪ್ರಸಂಗವೇ ಬರುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

"ದಾರಿಯಲ್ಲಿ ಜನ ನೋಡ್ತಾರೆ. ನಾನು ಹಿಂದೆ ಬರ್ತೀನಿ" ಎಂದು ಮಾವ ರಿಜಿಸ್ಟರನ್ನು ಕಂಕುಳಲ್ಲಿಟ್ಟುಕೊಂಡು ಹೊರಟರು. ರೈಲಿನ ಕೊನೆಯ ಡಬ್ಬಿಯಂತೆ ಒಂದಡಿ ಅಂತರದಲ್ಲಿ, ಅವಳು ನಿಂತಲ್ಲಿ ನಿಂತು, ತಿರುಗಿದಲ್ಲಿ ತಿರುಗಿ, ಅವಳ ಬೆನ್ನನ್ನು ಮುಚ್ಚಿಕೊಂಡು ನಡೆದರು. ಬಸ್ಸಿನಲ್ಲಿ ಎರಡು ಸಲ ಬಾಯಿ ತೆರೆದು ಏನೋ ಹೇಳಲು ನೋಡಿದರು. ಟೋಕನಕ್ಕ ಕಣ್ಣು ಮುಚ್ಚಿ ನೋಟ್ಸು ನೆನಪು ಮಾಡಿಕೊಳ್ಳುತ್ತ ಬೆರಳೆತ್ತಿದಳು. ಮಾವ ಬಾಯಿ ಮುಚ್ಚಿಕೊಂಡರು.

ಆಫೀಸಿಗೆ ನಿಜವಾಗಿಯೂ ಗಾಜಿನ ಗೋಡೆಗಳಿದ್ದವು. ಕನಸಿನಲ್ಲಿ ಗಾಜು ಎಷ್ಟು ಚೆಂದವಿತ್ತೋ ಈಗ ಅಷ್ಟೇ ಭಯ ಹುಟ್ಟಿಸಿತು. ಹಿಂದೆ ಮುಂದೆ ಎಲ್ಲ ಕಡೆಯಿಂದಲೂ ಕಾಣುತ್ತದಲ್ಲ! ಮಾವನನ್ನು ಹೊರಗಿನ ಸೋಫಾದಲ್ಲಿ ಕೂರಿಸಿ, ಗೋಡೆಗೆ ಬೆನ್ನು ಸವರಿಕೊಂಡು ಅಡ್ಡಡ್ಡ ನಡೆದು ಅವಳು ಕೋಣೆ ಹೊಕ್ಕಳು. ಅಲ್ಲಿ ಇಬ್ಬರಿದ್ದರು. ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡ ಒಬ್ಬರು ಮೇಡಂ, ಪೆನ್ಸಿಲ್ ಕಡಿಯುವ ಒಬ್ಬ ತರುಣ. ಮೊದಲ ಐದು ನಿಮಿಷ ಚೆನ್ನಾಗಿಯೇ ನಡೆಯಿತು. ಆಮೇಲೆ ಮೇಡಂ ಹಿಂದಿನ ಗೋಡೆಯ ಕಡೆ ಕೈ ತೋರಿಸಿ, "ಒಂದು ಸಣ್ಣ ಪ್ರೋಗ್ರಾಂ ಬೋರ್ಡ್ ಮೇಲೆ ಬರೆದು ತೋರಿಸಿ" ಎಂದರು.

ಬೋರ್ಡು! ಮೂರು ತಿಂಗಳ ಕನಸಿನಲ್ಲಿ ಅದೊಂದು ಬಂದೇ ಇರಲಿಲ್ಲ.

ಟೋಕನಕ್ಕ ಎದ್ದು ಹಿಮ್ಮುಖವಾಗಿ ನಡೆದಳು. ಬೋರ್ಡಿಗೆ ಬೆನ್ನು ತಾಗಿದ ಮೇಲೆ ಕತ್ತನ್ನು ಮಾತ್ರ ಹೊರಳಿಸಿ, ಕೈಯನ್ನು ಹಿಂದಕ್ಕೆ ತಿರುಚಿ ಬರೆಯತೊಡಗಿದಳು. ಅಕ್ಷರಗಳು ಗಾಬರಿಯಾದ ಇರುವೆಗಳಂತೆ ಒಂದೊಂದು ದಿಕ್ಕಿಗೆ ಹೊರಟವು.

"ನಿಮ್ಮ ಕತ್ತಿಗೇನಾದ್ರೂ ಆಗಿದೆಯಾ ಮೇಡಂ?" ಎಂದ ತರುಣ.

"ಇಲ್ಲ ಸಾರ್. ದೊಡ್ಡವರಿಗೆ ಬೆನ್ನು ತಿರುಗಿಸಿ ಅಭ್ಯಾಸ ಇಲ್ಲ."

ಅಷ್ಟರಲ್ಲಿ ಪೆನ್ನು ಕೈಜಾರಿ ಕೆಳಗೆ ಬಿತ್ತು. ಅವಳು ಮರೆತು ಬಗ್ಗಿದಳು.

"ನಿಮ್ಮ ಅಂಗಿ ಮೇಲೆ ಅದೇನು?" ಎಂದರು ಮೇಡಂ.

"ಅದು ಡಿಸೈನು" ಎಂದು ಹೇಳಲು ಟೋಕನಕ್ಕ ಬಾಯಿ ತೆರೆದಳು. ಗಾಜಿನ ಗೋಡೆಯಾಚೆ ಮಾವ ಕಂಡರು. ಮೆತ್ತನೆಯ ಸೋಫಾದಲ್ಲಿ ಬೆನ್ನು ಒರಗಿಸದೆ, ರಿಜಿಸ್ಟರನ್ನು ಮೊಣಕಾಲ ಮೇಲಿಟ್ಟುಕೊಂಡು, ಡ್ಯೂಟಿಯಲ್ಲಿರುವವರ ಹಾಗೆ ಕುಳಿತಿದ್ದರು. ಅವರ ಬಲಗೈ ಬೆರಳುಗಳು ಹಬೆಗೆ ಕೆಂಪಾಗಿದ್ದವು. ಅವಳಿಗೆ ಸುಳ್ಳು ಬಾಯಿಗೆ ಬರಲಿಲ್ಲ. ಚಹಾದಿಂದ ಹಿಡಿದು ಅರವತ್ತೊಂದನೇ ಸುತ್ತಿನವರೆಗೆ ಎಲ್ಲವನ್ನೂ ಹೇಳಿಬಿಟ್ಟಳು.

ತರುಣನ ಪೆನ್ಸಿಲ್ ಬಾಯಲ್ಲೇ ನಿಂತಿತ್ತು. ಮೇಡಂ ಎದ್ದು ಹೋಗಿ ತಾವೇ ಮಾವನನ್ನು ಒಳಗೆ ಕರೆತಂದರು. ಮಾವ ಕಾಗದವನ್ನೂ ರಿಜಿಸ್ಟರನ್ನೂ ಮೇಜಿನ ಮೇಲಿಟ್ಟರು. ಮೇಡಂ ಗೀಟುಗಳನ್ನು ನೋಡಿ, "ಇದರಲ್ಲಿ ತಪ್ಪಿದೆ ಅಂತ ನಿಮಗೆ ಯಾವಾಗ ಗೊತ್ತಾಯ್ತು?" ಎಂದು ಕೇಳಿದರು.

"ಎರಡನೇ ಸುತ್ತಿಗೆ."

ಟೋಕನಕ್ಕ ತಿರುಗಿ ನೋಡಿದಳು.

"ಮತ್ತೆ ಅರವತ್ತೊಂದರವರೆಗೆ ಯಾಕೆ ಮಾಡಿದ್ರಿ?"

"ಒಂದು ಸಲ ಕೇಳೋಕೆ ಹೋದೆ. ಪ್ರಶ್ನೆ ಕೇಳಬಾರದು ಅಂದ್ಳು" ಎಂದರು ಮಾವ. ರಿಜಿಸ್ಟರನ್ನು ನೇರವಾಗಿ ಸರಿಸಿಟ್ಟು, "ಬರೆದವಳು ನಮ್ಮ ಹುಡುಗಿ. ಮೂರು ತಿಂಗಳು ಕಷ್ಟಪಟ್ಟು ಓದಿದಾಳೆ. ನನಗೆ ತಿಳಿಯದ್ದು ಏನೋ ಯೋಚನೆ ಮಾಡಿಯೇ ಬರೆದಿರ್ತಾಳೆ ಅಂದ್ಕೊಂಡೆ" ಎಂದರು.

ತನ್ನ ಮಾತಿಗೆ ಯಾರೂ ಏಳುವುದಿಲ್ಲ ಎಂದು ಅವಳು ಮೂರು ತಿಂಗಳಿಂದ ಕೊರಗುತ್ತಿದ್ದಳು. ಇಲ್ಲಿ ಒಬ್ಬರು ಅವಳ ಮಾತಿಗೆ ಒಂದೂ ಮುಕ್ಕಾಲು ಗಂಟೆ ಬಿಸಿ ಹಬೆಯಲ್ಲಿ ನಿಂತಿದ್ದರು. ಅವಳಿಗೆ ನಾಚಿಕೆಯೂ ಆಯಿತು, ಅದರ ಜೊತೆಗೇ ಯಾವತ್ತೂ ಆಗದಷ್ಟು ಸಂತೋಷವೂ ಆಯಿತು.

"ತಪ್ಪು ಎಲ್ಲಿದೆ ಈಗ ಹೇಳಿ" ಎಂದರು ಮೇಡಂ.

"ನಾಲ್ಕನೇ ಸಾಲಲ್ಲಿ. ಇಸ್ತ್ರಿ ಆದದ್ದನ್ನ ಅದೇ ರಾಶಿ ಮೇಲೆ ಇಡಿಸಿದ್ದೀನಿ. ಇಟ್ಟದ್ದೇ ಮತ್ತೆ ಕೈಗೆ ಬರುತ್ತೆ. ರಾಶಿ ಯಾವತ್ತೂ ಮುಗಿಯಲ್ಲ."

"ಸರಿ ಮಾಡಿ."

ಟೋಕನಕ್ಕ ಪೆನ್ನು ಹಿಡಿದು, ಮೂವರಿಗೂ ಬೆನ್ನು ತಿರುಗಿಸಿ, ಐದೂ ಸಾಲುಗಳನ್ನು ಬೋರ್ಡಿನ ಮೇಲೆ ದುಂಡಗೆ ಬರೆದಳು. ನಾಲ್ಕನೆಯದರಲ್ಲಿ "ಬೇರೆ ಮೇಜಿನ ಮೇಲೆ ಇಡಿ" ಎಂದು ಬರೆದು, ಮೊದಲಿಂದ ಕೊನೆಯವರೆಗೆ ಎರಡು ಸಲ ಗಟ್ಟಿಯಾಗಿ ಓದಿದಳು. ಬೆನ್ನ ಮೇಲಿನ ಇಸ್ತ್ರಿ ಪೆಟ್ಟಿಗೆ ಅವಳ ನೆನಪಿನಲ್ಲೇ ಇರಲಿಲ್ಲ.

ಮೇಡಂ ಬಯೋಡೇಟಾ ತಿರುವಿ ಹಾಕಿದರು. "ಸ್ವತಂತ್ರವಾಗಿ ಯೋಜನೆ ನಿಭಾಯಿಸಿದ ಅನುಭವ ಅಂತ ಬರೆದಿದ್ದೀರಿ. ನಿಜ ಹೇಳಿ, ಎಷ್ಟು ಅನುಭವ?"

"ಇವತ್ತು ಬೆಳಿಗ್ಗೆ ಎಂಟೂ ಹತ್ತರಿಂದ ಒಂಬತ್ತೂ ಐವತ್ತೈದರವರೆಗೆ" ಎಂದಳು ಟೋಕನಕ್ಕ.

ಮೇಡಂ ನಕ್ಕ ನಗುವಿಗೆ ತಲೆಯ ಮೇಲಿನ ಕನ್ನಡಕ ಮೂಗಿಗೆ ಬಂದು ಕುಳಿತಿತು. "ಇಲ್ಲಿ ಕೆಲಸಕ್ಕೆ ಸೇರಿದ ಮೇಲೆ ಎಲ್ಲರೂ ಈ ತಪ್ಪು ಮಾಡ್ತಾರೆ. ಸೇರೋ ಮೊದಲೇ ಮುಗಿಸಿಕೊಂಡು ಬಂದಿರೋದು ನೀವೊಬ್ಬರೇ. ಸೋಮವಾರ ಬನ್ನಿ. ಆರು ತಿಂಗಳು ಕಲಿಯೋ ಅವಧಿ, ಆಮೇಲೆ ನೋಡೋಣ. ಬಯೋಡೇಟಾದಲ್ಲಿ ಆ ಸಾಲು ಮಾತ್ರ ಹೊಡೆದುಹಾಕಿ."

ಕೆಳಗೆ ಬೀದಿಗೆ ಇಳಿದಾಗ ಟೋಕನಕ್ಕನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಬಿಸಿಲು ಚೆಂದ ಕಂಡಿತು, ಬಸ್ಸಿನ ಹೊಗೆ ಚೆಂದ ಕಂಡಿತು. ಅವಳು ನಿಂತು ಮಾವನ ಕೆಂಪಾದ ಬೆರಳು ಹಿಡಿದುಕೊಂಡಳು. "ಮಾವ, ತಪ್ಪಾಯ್ತು. ಇನ್ಮೇಲೆ ಏನು ಕೇಳಬೇಕು ಅನ್ಸಿದ್ರೂ ಮಧ್ಯದಲ್ಲೇ ಕೇಳಿ. ಇದು ನನ್ನ ಹೊಸ ಆದೇಶ."

"ಈಗಲೇ ಕೇಳಬಹುದಾ?"

"ಕೇಳಿ ಮಾವ."

"ನೀನು ಇಸ್ತ್ರಿ ಪೆಟ್ಟಿಗೆ ಎತ್ತಿ ನಿಲ್ಲಿಸಿದೆಯಲ್ಲ, ಸ್ವಿಚ್ ಆಫ್ ಮಾಡಿದೆಯಾ? ಬಸ್ಸಲ್ಲೂ ಕೇಳೋಣ ಅಂತಿದ್ದೆ."

ಹನ್ನೊಂದು ವರ್ಷ ಸಾಕಿಕೊಂಡ ಹಗಲುಗನಸು ಅಂದು ಅವಳ ಮೇಲೇ ತಿರುಗಿಬಿತ್ತು. ಬಸ್ಸಿನ ಕಿಟಕಿಯಲ್ಲಿ ಮೇಜು ಹೊತ್ತಿಕೊಂಡಿತು, ಪರದೆ ಹೊತ್ತಿಕೊಂಡಿತು, ಮೂರು ವಾರದ ರಾಶಿ ಧಗಧಗ ಉರಿಯಿತು, ಅತ್ತೆ ಬಾಣಂತನ ಬಿಟ್ಟು ಓಡಿಬಂದರು. ಗಂಡನಿಗೆ ಆರು ಸಲ ಫೋನ್ ಮಾಡಿದಳು, ಎತ್ತಲಿಲ್ಲ. ಕೊನೆಯ ಬೀದಿಯನ್ನು ಮಾವ ಸೊಸೆ ಇಬ್ಬರೂ ಓಡಿಯೇ ದಾಟಿದರು. ಬೆನ್ನು ಯಾರಿಗೆ ಕಂಡಿತೋ ಯಾರಿಗೆ ಗೊತ್ತು.

ಬಾಗಿಲು ತೆರೆದಿತ್ತು. ಹೊಗೆಯಿರಲಿಲ್ಲ. ಒಳಗೆ ಗಂಡ ಕೈ ಒರೆಸಿಕೊಳ್ಳುತ್ತ ನಿಂತಿದ್ದ.

"ಏನಾಯ್ತು?"

"ಸಿಕ್ತು" ಎಂದಳು ಅವಳು ಏದುಸಿರು ಬಿಡುತ್ತ. "ಇಸ್ತ್ರಿ ಪೆಟ್ಟಿಗೆ?"

ಅವನ ಮುಖವೆಲ್ಲ ನಗುವಾಯಿತು. "ನೋಡಿದೆಯಾ, ಲಿಫ್ಟ್ ಮೇಲೆ ಹೋಯ್ತು" ಎಂದ. ಆಮೇಲೆ ಮೂಲೆಯ ಕಡೆ ಕೈ ತೋರಿಸಿದ. "ಊಟಕ್ಕೆ ಅಂತ ಬಂದೆ. ಪೆಟ್ಟಿಗೆ ಕಾದು ಕೂತಿತ್ತು, ಪಕ್ಕದಲ್ಲಿ ರಾಶಿ ಇತ್ತು. ಮುಗಿಸಿಬಿಟ್ಟೆ."

ಮೂಲೆಯ ಕುರ್ಚಿ ಖಾಲಿಯಾಗಿತ್ತು. ಮಂಚದ ಮೇಲೆ ಅಂಗಿಗಳ ಸಾಲು ಬೇರೆ, ಪ್ಯಾಂಟುಗಳ ಸಾಲು ಬೇರೆ, ಗರಿಗರಿಯಾಗಿ ಮಡಿಸಿ ಇಟ್ಟಿದ್ದವು. ಮುಕ್ಕಾಲು ಗಂಟೆಯ ಕೆಲಸ.

ಮಾವ ರಿಜಿಸ್ಟರ್ ಬಿಡಿಸಿ ಪೆನ್ನು ತೆಗೆದರು. ಶುರುವಾದ ಕೆಲಸ ಮುಗಿದದ್ದನ್ನು ಬರೆಯಬೇಕಲ್ಲ. "ಯಾರ ಆದೇಶದ ಮೇಲೆ ಮಾಡಿದೆ ಅಂತ ಬರೀಲಿ?"

"ಯಾರೂ ಹೇಳಲಿಲ್ಲಪ್ಪ" ಎಂದ ಗಂಡ. "ಬಟ್ಟೆ ಸುಕ್ಕಾಗಿತ್ತು."

ಮಾವ ಅದನ್ನೇ ರಿಜಿಸ್ಟರಿನಲ್ಲಿ ಬರೆದುಕೊಂಡರು. ಆಮೇಲೆ ಸೊಸೆಯ ಕಡೆ ತಿರುಗಿ, "ಮಗಳೇ, ಕಂಪ್ಯೂಟರಿಗೆ ಇದನ್ನ ಕಲಿಸೋಕಾಗುತ್ತಾ?" ಎಂದು ಕೇಳಿದರು.

ಟೋಕನಕ್ಕ ಮಂಚದ ತುದಿಯಲ್ಲಿ, ಮಡಿಸಿದ ಬಟ್ಟೆಗಳ ಪಕ್ಕದಲ್ಲಿ ಮೆಲ್ಲನೆ ಕುಳಿತಳು.

"ಆರು ತಿಂಗಳು ಟೈಮ್ ಕೊಟ್ಟಿದ್ದಾರೆ ಮಾವ" ಎಂದಳು. "ನೋಡ್ತೀನಿ."